ಸುರಪುರ ಮುಟ್ಟಿದ ಸ್ವದೇಶಿ ಮೋಟಾರು

ಪಿಂಚಣಿ ಉಣ್ಣುತ್ತ ಕೂತ ಈ ವಯಸ್ಸಿನಲ್ಲೂ, ಕೆಟ್ಟು ನಿಂತ ಮೋಟಾರು ಕಂಡರೆ ನಾನು ಒಬ್ಬನೇ ನಗುತ್ತೇನೆ. ಕೆಲವರಿಗೆ ಫಜೀತಿಗಳು ಬಿಡಿಬಿಡಿಯಾಗಿ ಬರುವುದಿಲ್ಲ. ನಮ್ಮ ಸಾವುಕಾರರಿಗಂತೂ ಎಲ್ಲವೂ ಒಂದೇ ಪ್ರಯಾಣದಲ್ಲಿ ಬಂದವು.

ನಿಜಾಮರ ಆಳ್ವಿಕೆಯ ಕೊನೆಗಾಲ. ಯಾದಗಿರಿಯ ಈ ಸಾವುಕಾರರು "ನಮ್ಮ ರಿಯಾಸತ್ತಿಗೆ ನಮ್ಮದ ಮೋಟಾರು, ಮೊಳಿ ಸೈತ ಸ್ವದೇಶಿ" ಎಂದು ಕಾರ್ಖಾನೆ ತೆಗೆದರು. ಕಾಲೇಜು ಮುಗಿಸಿ ಬಂದ ನಾನು ಅಲ್ಲಿ ಗುಮಾಸ್ತ. ತಯಾರಾದದ್ದು ಒಂದೇ ಮೋಟಾರು. ಸುರಪುರದಲ್ಲಿ ತಾಲೂಕ್ದಾರ್ ಸಾಹೇಬರು ಅದನ್ನು ನೋಡಿ ಪಾಸು ಮಾಡಿದರೆ ಸರಕಾರದ ಖರೀದಿ. ಇಲ್ಲದಿದ್ದರೆ ಕಾರ್ಖಾನೆಗೆ ಬೀಗ.

೧. ಪೂಜೆಯಾದ ಬ್ರೇಕು

ಮೊದಲು ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಪೂಜೆ ಮಾಡಿಸಿದೆವು. ಹೊರಡುವಾಗ ಡ್ರೈವರ್ ಮೆಟ್ಟು ಕಳೆದು ಕೂತ. ಮುಂದೆ ಇಳಿಜಾರು, ಇಳಿಜಾರಿನ ಕೆಳಗೆ ಬಣವೆ.

"ಬ್ರೇಕು ಒತ್ತಲೇ!" ಸಾವುಕಾರರು ಚೀರಿದರು.

"ಹ್ಯಾಂಗ ಒದೀಲಿರಿ ಸಾವುಕಾರ್ರ? ಅದಕ್ಕೂ ವಿಭೂತಿ ಹಚ್ಯಾರ!"

ಬಣವೆಯೊಳಗಿಂದ ಸಾವುಕಾರರ ರುಮಾಲು ಹುಡುಕಿ ತೆಗೆಯಲು ನನಗೆ ಅರ್ಧ ತಾಸು ಹಿಡಿಯಿತು.

೨. ಈಜು

ಭೀಮಾನದಿಯನ್ನು ಬಂಡಿಗಳು ದೋಣಿಯ ಮೇಲೆ ದಾಟುತ್ತಿದ್ದ ಕಾಲ. ಎತ್ತು ಬಿಚ್ಚಿ ಹಗ್ಗ ಕಟ್ಟಿ ನೀರಿಗೆ ಬಿಡುವುದು, ಬಂಡಿಯನ್ನಷ್ಟೇ ದೋಣಿಗೆ ಏರಿಸುವುದು ಅಲ್ಲಿಯ ರಿವಾಜು. ಅಂಬಿಗರ ಹಿರಿಯ ಮೋಟಾರನ್ನು ಸುತ್ತಿ ನೋಡಿ, "ಇದರಾಗ ಎಳಿಯೋದು ಯಾವುದ್ರಿ?" ಎಂದ. ಡ್ರೈವರ್ ಇಂಜಿನ್ ತೋರಿಸಿದ.

"ಹಂಗಾರ ಅದನ್ನ ಬಿಚ್ರಿ. ಎರಡೂ ಕೂಡಿ ಹತ್ತಿದ್ರ ದೋಣಿ ತಾಳಂಗಿಲ್ಲ."

ಇಂಜಿನ್ ಮುಂದಿನ ಸರತಿಗೆ ಬರುತ್ತದೆಂದು ಬಿಚ್ಚಿದೆವು. ನಾವು ಬಂಡಿಯ ಭಾಗದ ಜೊತೆ ಆಚೆ ದಡ ಮುಟ್ಟಿ ತಿರುಗಿ ನೋಡುತ್ತೇವೆ, ಹಿರಿಯ ಇಂಜಿನ್ನಿಗೆ ಹಗ್ಗ ಕಟ್ಟಿ ನೀರಿಗೆ ನೂಕುತ್ತಿದ್ದಾನೆ! ಗುಳುಂ. ಹಗ್ಗವೂ ಹರಿಯಿತು. ಸಾವುಕಾರರು ಮೊಳಕಾಲುದ್ದ ನೀರಿಗೆ ಇಳಿದು ಬೊಬ್ಬೆ ಹಾಕಿದರು.

ಆಚೆಯಿಂದ ಹಿರಿಯ ಕೂಗಿ ಸಮಾಧಾನ ಹೇಳಿದ: "ಅಂಜಬ್ಯಾಡ್ರಿ! ಹೊಸಾವು ಮೊದಲ ಸಲ ಹಿಂಗ ಮುಳುಗ್ತಾವ. ತಡೀರಿ, ಈಗ ತಲಿ ಎತ್ತತಾವ!"

೩. ಸಾಹೇಬರ ಷರಾ

ಸಾವುಕಾರರು ಸೋಲು ಒಪ್ಪುವ ಜಾತಿಯಲ್ಲ. ದಡದಲ್ಲೇ ಸಿಕ್ಕ ಶಹಾಪುರದ ಒಬ್ಬ ರೈತನ ಜೋಡೆತ್ತು ಹಿಡಿದು ಮೋಟಾರಿಗೆ ಕಟ್ಟಿಸಿದರು. ಸುರಪುರದಲ್ಲಿ ಸಾಹೇಬರ ಬಂಗಲೆಯ ಹಿಂದೆ ಎತ್ತು ಬಿಚ್ಚಿ, ನಾನೂ ಡ್ರೈವರೂ ನೂಕಿ ಒಳಗೆ ತರುವುದೆಂದು ಮಾತಾಗಿತ್ತು. ರೈತ ಕೇಳಬೇಕಲ್ಲ!

"ನಡುದಾರ್ಯಾಗ ನೊಗ ಇಳಿಸಂಗಿಲ್ರಿ. ಮುಟ್ಟೋ ಬಾಗಿಲಿಗೇ ಇಳಿಸೋದು ನಮ್ಮ ಮನಿ ಪದ್ಧತಿ" ಎಂದವನೇ ನೇರ ಸಾಹೇಬರ ಮೆಟ್ಟಿಲ ಮುಂದೆ ತಂದು ನಿಲ್ಲಿಸಿದ.

ಸಾಹೇಬರು ಹತ್ತಿ ಕೂತು ಒಂದು ಸುತ್ತು ಹಾಕಿದರು. "ವಾಹ್! ಸಪ್ಪಳ ಇಲ್ಲ, ಹೊಗಿ ಇಲ್ಲ!" ಎಂದರು. ಸಾವುಕಾರರ ಮುಖಕ್ಕೆ ಜೀವ ಬಂತು. ಸಾಹೇಬರು ಲೇಖನಿ ಎತ್ತಿ ರೈತನನ್ನು ಕೇಳಿದರು: "ಈ ಎತ್ತು ಕಾರ್ಖಾನಿವೇನು?"

"ಇಲ್ರಿ ಸಾಹೇಬ್ರ, ನನ್ನವು" ಎಂದ ಆತ ಹೆಮ್ಮೆಯಿಂದ.

ಉರ್ದುವಿನಲ್ಲಿ ಬರೆದ ಷರಾವನ್ನು ನಾನೇ ಓದಿ ಹೇಳಬೇಕಾಯಿತು: "ಗಾಡಿ ಉತ್ತಮ. ಆದರೆ ಮೊಳೆ ಸಹಿತ ಸ್ವದೇಶಿ ಎಂಬುದು ಸುಳ್ಳು. ಎತ್ತುಗಳನ್ನು ಹೊರಗಿನಿಂದ ತರಿಸಿದ್ದಾರೆ. ನಾಮಂಜೂರ್."