ಜಗಳವಾಡಿ ಕೊಂಡ ಸೈಟು

ಜಾಗ ನೋಡುವುದರಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರು ಮಳವಳ್ಳಿಯಿಂದ ಮದ್ದೂರಿನವರೆಗೆ ಒಬ್ಬರೂ ಇಲ್ಲ. ಹೀಗೆಂದು ಹೇಳಿದವನು ಸ್ವತಃ ನಮ್ಮ ಮಾವನೇ! ಬೇರೆ ಸಾಕ್ಷಿ ಸಿಕ್ಕಿಲ್ಲ.

ನಾನು ಆಗ ಮಂಡ್ಯದ ಕಚೇರಿಯೊಂದರಲ್ಲಿ ಗುಮಾಸ್ತ. ಊರು ಹೊಸದಾಗಿ ಜಿಲ್ಲೆಯಾಗಿ, ಕಂಡಕಂಡವರೆಲ್ಲ ಸೈಟು ಸೈಟು ಎನ್ನುತ್ತಿದ್ದ ಕಾಲ. ನನಗೂ ಒಂದು ಬೇಕಿತ್ತು. ಗಂಡ ತೀರಿಕೊಂಡ ಮೇಲೆ ನನ್ನ ಅಕ್ಕ ಕಿರುಗಾವಲಿನಲ್ಲಿ ಮೈದುನರ ಮನೆಯ ಮೂಲೆಯಲ್ಲಿ ದಿನ ನೂಕುತ್ತಿದ್ದಳು. ಅವಳನ್ನು ಕರೆತಂದು ಅವಳದೇ ಆದ ಒಂದು ಸೂರು ಮಾಡಿಕೊಡಬೇಕೆಂದು ನನಗೆ ಹಟ. ಆದರೆ ಖಾತೆ, ಕಂದಾಯ, ಕ್ರಯಪತ್ರ, ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ದೇವರಾಣೆಗೂ ಗೊತ್ತಿರಲಿಲ್ಲ. ಮಾವನ ಕಾಲು ಹಿಡಿದೆ.

"ಮೊದಲ್ನೇ ಪಾಠ," ಎಂದ ಮಾವ. "ಸೈಟು ನೋಡಕ್ಕೋದಾಗ ಸೈಟು ನೋಡ್ಬಾರ್ದು."

"ಮತ್ತೇನು ನೋಡೋದು ಮಾವ?"

"ಚಕ್ಕುಬಂದಿ ಕಣ್ಲಾ! ನಾಕು ದಿಕ್ಕಲ್ಲೂ ಯಾರವ್ರೆ ಅಂತ."

ಅದನ್ನು ಪತ್ರದಲ್ಲಿ ಓದಬಹುದಲ್ಲ ಎಂದುಕೊಂಡೆ. ಮಾವ ಓದುವವನಲ್ಲ, ಜಗಳ ತೆಗೆಯುವವನು!

ಮೊದಲು ನೋಡಿದ್ದು ರೈಲ್ವೆ ಸ್ಟೇಷನ್ ಹತ್ತಿರದ ಸೈಟು. ಅಂಗೈಯಂತೆ ಮಟ್ಟ, ಪತ್ರ ಚೊಕ್ಕ. ಮಾವ ನೇರ ಪಕ್ಕದ ಮನೆಯ ಬಾಗಿಲು ಬಡಿದು, "ನಿಮ್ಮ ನುಗ್ಗೆಮರ ನಮ್ಮ ಸೈಟಿನ ಮ್ಯಾಲೆ ಬಂದದೆ!" ಎಂದು ಅಬ್ಬರಿಸಿದ. ಸೈಟು ಇನ್ನೂ ನಮ್ಮದಾಗಿಯೇ ಇರಲಿಲ್ಲ! ಆ ಮನುಷ್ಯ ಕೈಮುಗಿದು, "ಕ್ಷಮಿಸಿ, ನಾಳೆಯೇ ಕಡಿಸ್ತೀನಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಬ್ಯಾಡ, ನಡಿ," ಎಂದ ಮಾವ.

"ಯಾಕೆ ಮಾವ? ದೇವ್ರಂಥ ಮನುಷ್ಯ!"

"ದೇವ್ರೇಯ. ಅದ್ಕೇ ಬಾಗ್ಲು ಆಕ್ಕಂಡ."

ಮದ್ದೂರಾದರೂ ಸರಿ, ರೈಲಿನಲ್ಲಿ ಓಡಾಡಿದರಾಯಿತು ಎಂದು ಅಲ್ಲಿಗೆ ಹೋದೆವು. ಮಾವ ಜಗಳ ತೆಗೆದದ್ದೇ ತಡ, ಅಲ್ಲಿನ ಪಕ್ಕದ ಮನೆಯವನು ದೊಣ್ಣೆ ಹಿಡಿದು ಹೊಳೆಯ ದಾರಿಯುದ್ದಕ್ಕೂ ಅಟ್ಟಿಸಿಕೊಂಡು ಬಂದ. ಪಂಚೆ ತೊಡರಿ ನಾನು ಮುಗ್ಗರಿಸಿದೆ.

"ಇವನಿಗೆ ಕೋಪ ಜಾಸ್ತಿ, ಅಲ್ವಾ ಮಾವ?"

"ಕ್ವಾಪ ಇರ್ಲಿ ಬುಡು. ನೀನು ಬಿದ್ದಾಗ್ಲೂ ದೊಣ್ಣೆ ಕೆಳಗಿಡ್ನಿಲ್ಲ ನೋಡು."

ಸಾಧುವೂ ಬೇಡ, ಜಗಳಗಂಟನೂ ಬೇಡ ಎಂದರೆ ಇನ್ನು ಎಂಥವರು ಬೇಕು? ನೀವೇ ಹೇಳಿ! ನನ್ನ ತಲೆ ಕಲಸಿದ ಹಿಟ್ಟಾಗಿತ್ತು.

ಮೂರನೆಯದು ಮಂಡ್ಯದಲ್ಲೇ, ನಾಲೆಯ ಬದಿಗೆ. ಮೂರೇ ಮೂಲೆ, ಮೊಣಕಾಲುದ್ದ ಕಳೆ. ಪಕ್ಕದ ಜಗುಲಿಯಲ್ಲಿ ಒಬ್ಬ ಅಜ್ಜಿ ಹುರುಳಿ ಕೇರುತ್ತಿದ್ದಳು. "ನಿನ್ನ ಕೋಳಿ ನಮ್ಮ ಜಾಗ ಕೆದಕ್ತಾವೆ!" ಎಂದು ಮಾವ ಶುರುಮಾಡಿದ. ಅಜ್ಜಿ ಮೊರ ಕೆಳಗಿಟ್ಟು, ನಮ್ಮ ಏಳು ತಲೆಮಾರನ್ನೂ ಹೆಸರು ಗೊತ್ತಿಲ್ಲದೆಯೇ ಬೈದಳು. ಉಸಿರು ತೆಗೆದುಕೊಳ್ಳಲು ನಿಂತವಳು ನನ್ನನ್ನು ನೋಡಿದಳು.

"ಮೊಕ ಬಾಡೋಗದಲ್ಲೋ ಮಗ, ಉಂಡಿದ್ದೀಯಾ? ಬಾ, ಮುದ್ದೆ ಅದೆ. ಇವನ್ನ ಆಮ್ಯಾಕೆ ಬಯ್ತೀನಿ."

ಮಾವ ಆಗಲೇ ಕೈ ತೊಳೆಯುತ್ತಿದ್ದ. "ಇದೇ ಸೈಟು. ತಕ್ಕೊ," ಎಂದ.

ಉಂಡು ಹೊರಗೆ ಬಂದ ಮೇಲೆ ನಾನು ರೇಗಿದೆ. "ಮೂರು ಮೂಲೆ ಜಾಗದಲ್ಲಿ ಮನೆ ಎಲ್ಲಿ ಕಟ್ಟೋದು ಮಾವ? ನಿಮಗೇನು ತಲೆ ಕೆಟ್ಟಿದ್ಯಾ?"

ಮಾವ ನಾಲೆಯ ಏರಿಯ ಮೇಲೆ ಕುಳಿತುಕೊಂಡ.

"ನೀನು ಕಚೇರಿಗೋದ್ರೆ ಬರಾದು ಸಾಯಂಕಾಲ. ಅಲ್ಲೀಗಂಟ ನಿಮ್ಮಕ್ಕನ ಜತೆ ಗ್ವಾಡೆ ಮಾತಾಡ್ತದಾ? ಮಳವಳ್ಳಿ ಮನೆ ಜಾಗ ನಾನೇ ಆರ್ಸಿದ್ದು ಕಣ್ಲಾ. ಚೌಕ, ಪತ್ರ, ಎಲ್ಲಾ ಚೊಕ್ಕ. ನಿಮ್ಮತ್ತೆಗೆ ಎದೆನೋವು ಬಂದಾಗ ನಾನು ಗದ್ದೇಲಿದ್ದೆ. ಕೂಗವ್ಳೆ. ಪಕ್ಕದೋರು ಕೇಳಿಸ್ಕಂಡವ್ರೆ. ಒಬ್ರೂ ಬರ್ನಿಲ್ಲ."

ಇಷ್ಟು ದಿನ ಇವನ ಹುಚ್ಚಾಟಕ್ಕೆ ನಕ್ಕಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಮರುವಾರವೇ ಆ ಸೈಟನ್ನು ಅಕ್ಕನ ಹೆಸರಿಗೆ ಬರೆಸಿದೆವು. ಅಕ್ಕನಿಗೆ ಓದುಬರಹ ಬಾರದು. ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಕೈ ಚಾಚಿ ಮಾವನನ್ನು ನೋಡಿದಳು. ಮಾವ ಆ ಕೈ ಹಿಡಿದುಕೊಂಡ. ಒತ್ತಿ ಮುಗಿದ ಮೇಲೂ ಬಿಡಲಿಲ್ಲ.