ನವರಂಗ ಬರುವ ಮುನ್ನಾದಿನ ಅಂಗಳ ಗುಡಿಸಿದ್ದು

ಮನೆಗೆ ಯಾರೋ ಬರುತ್ತಾರೆಂದು ಗೊತ್ತಾದ ಕೂಡಲೇ ಹಿಡಿಸೂಡಿ ಕೈಗೆತ್ತಿಕೊಳ್ಳುವ ಪೈಕಿ ನಾವು. ಬರುವವರು ಯಾರು, ಯಾಕೆ ಬರುತ್ತಾರೆ, ಕೂರುತ್ತಾರೋ ನಿಂತೇ ಹೋಗುತ್ತಾರೋ ಎಂಬುದೆಲ್ಲ ಆಮೇಲಿನ ಮಾತು. ಮೊದಲು ಅಂಗಳ ಗುಡಿಸಬೇಕು. ಕರೆಂಟಿನ ಮೀಟರ್ ನೋಡಲು ಬರುವವನಿಗೂ ನಮ್ಮಲ್ಲಿ ಗುಡಿಸಿದ ಅಂಗಳವೇ ಸಿಗುತ್ತದೆ. ನನ್ನನ್ನು ನೋಡಲು ಬಂದ ದಿನ ನಮ್ಮತ್ತೆ ಮೊದಲು ನೋಡಿದ್ದು ನನ್ನ ತವರಿನ ಅಂಗಳವನ್ನಂತೆ. ಅದನ್ನು ನೋಡಿದ ಮೇಲೆ ಹುಡುಗಿಯನ್ನು ಬೇರೆ ನೋಡಬೇಕು ಅಂತ ಅನ್ನಿಸಲಿಲ್ಲ ಎಂದು ಅವರು ಕಡೆಯವರೆಗೂ ಹೇಳುತ್ತಿದ್ದರು. ಅದು ಹೊಗಳಿಕೆಯೋ ಅಲ್ಲವೋ ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಆದರೆ ಇದೇ ಗುಡಿಸುವ ಚಟ ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ನನ್ನ ಮಾನವನ್ನೂ ಕಸದ ಜೊತೆ ಗುಡಿಸಿ ಹಾಕುವುದರಲ್ಲಿತ್ತು. ಆ ಕತೆ ಹೇಳಬೇಕಾದರೆ ಮೊದಲು ನನಗೆ ಹಿಡಿದ ಹುಚ್ಚಿನ ವಿಷಯ ಹೇಳಬೇಕು.

ಬಸ್ರೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಂಗಡಿಯ ಹಿಂದಿನ ಕಿಟಕಿಯ ಪಕ್ಕ ಒಂದು ಗಿಡದಲ್ಲಿ ಪುಟ್ಟ ಹಕ್ಕಿಯೊಂದು ಎರಡು ಎಲೆಗಳನ್ನು ಸೇರಿಸಿ ನಾರಿನಿಂದ ಹೊಲಿಯುವುದನ್ನು ಒಂದು ದಿನ ನೋಡಿದೆ. ಅದಕ್ಕೆ ಸಿಂಪಿಗ ಅಂತ ಹೆಸರು ಎಂದು ಆಮೇಲೆ ತಿಳಿಯಿತು. ಅಳತೆ ಟೇಪಿಲ್ಲ, ಕತ್ತರಿಯಿಲ್ಲ, ಮೆಷಿನ್ ಇಲ್ಲ, ಕರೆಂಟು ಹೋಗುವ ಹೆದರಿಕೆಯೂ ಇಲ್ಲ. ಹೇಳಿದ ದಿನಕ್ಕೆ ಕೆಲಸ ಮುಗಿಸಿ ಮೊಟ್ಟೆ ಇಟ್ಟೇಬಿಟ್ಟಿತು. ಗಣೇಶ ಚೌತಿಗೆ ಕೊಡಬೇಕಾದ ರವಿಕೆಯನ್ನು ದೀಪಾವಳಿಗೆ ಕೊಡುವ ನನಗೆ ಅದನ್ನು ನೋಡಿ ಹೊಟ್ಟೆಕಿಚ್ಚೂ ಆಯಿತು, ಭಕ್ತಿಯೂ ಹುಟ್ಟಿತು. ಅಲ್ಲಿಂದ ಶುರುವಾದದ್ದು. ಗಿರಾಕಿಯ ಭುಜದ ಅಳತೆ ತೆಗೆಯುವಾಗ ಹೊರಗೆ ಏನಾದರೂ ಕೂಗಿದರೆ ಟೇಪನ್ನು ಅವರ ಕುತ್ತಿಗೆಯಲ್ಲೇ ಬಿಟ್ಟು ಓಡುವಷ್ಟು ಮುಂದುವರಿದೆ.

ಹೀಗೆ ಹುಚ್ಚು ಹಿಡಿದವರದೊಂದು ಬಳಗ ನಮ್ಮ ಕಡೆ ಇದೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನವರು ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಹಿತ್ತಿಲಲ್ಲಿ ಸೇರುತ್ತೇವೆ. ಬೆಳಿಗ್ಗೆ ಹಕ್ಕಿ ನೋಡುವುದು, ಬಿಸಿಲೇರಿದ ಮೇಲೆ ನಮ್ಮ ಮಣ್ಣಿನದೇ ಗಿಡಗಳ ಸಸಿ ಬದಲಾಯಿಸಿಕೊಳ್ಳುವುದು, ಕಡೆಗೆ ತಿಂಡಿ. ಬಳಗದಲ್ಲಿ ಎರಡು ಪಕ್ಷ. ಹಕ್ಕಿಯವರು ಮೇಲೆ ನೋಡಿಕೊಂಡು ನಡೆಯುತ್ತಾರೆ, ಗಿಡದವರು ಕೆಳಗೆ ನೋಡಿಕೊಂಡು ನಡೆಯುತ್ತಾರೆ. ಹಾಗಾಗಿ ಎದುರುಬದುರಾದಾಗ ಢಿಕ್ಕಿ ಹೊಡೆಯುವುದು ಮಾಮೂಲು. ಹಕ್ಕಿಯವರಿಗೆ ಪಿಟ್ಟೆನ್ನದ ಮೌನ ಬೇಕು. ಗಿಡದವರಿಗೆ ಒಂದು ನೆಕ್ಕರೆ ಗಿಡ ಕಂಡರೂ ಅದರ ಹಣ್ಣು ತಿಂದು ನಾಲಗೆ ನೀಲಿಯಾದ ಬಾಲ್ಯದ ಕತೆಯನ್ನು ದೊಡ್ಡ ಸ್ವರದಲ್ಲಿ ಹೇಳಲೇಬೇಕು. ಇವರಿಬ್ಬರನ್ನೂ ಒಂದು ಹಗ್ಗದಲ್ಲಿ ಕಟ್ಟಿ ನಡೆಸುವವರು ಬೈಂದೂರಿನ ಸುಮಿತ್ರಾ ಮೇಡಂ. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಅವರು ಗದರುವುದಿಲ್ಲ, ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾರೆ, ಅಷ್ಟೇ.

ಆ ನೋಟ ನನ್ನ ಮೇಲೂ ಒಮ್ಮೆ ಬಿದ್ದಿತ್ತು. ಬಳಗಕ್ಕೆ ಸೇರಿದ ಹೊಸತರಲ್ಲಿ ನಾನು ಮುಸ್ಸಂಜೆ ಹೊತ್ತಿಗೆ ನಮ್ಮ ತೆಂಗಿನ ಮರದಲ್ಲಿ ದೊಡ್ಡದೊಂದು ಗೂಬೆ ಕಂಡು, ಪಟ ತೆಗೆದು, ಬಳಗದ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಅದು ಹಕ್ಕಿಯಲ್ಲ, ಒಣಗಿ ನೇತಾಡುತ್ತಿದ್ದ ಹೊಂಬಾಳೆಯ ಸಿಪ್ಪೆ ಎಂದು ಬ್ರಹ್ಮಾವರದವರು ಯಾರೋ ಕಂಡುಹಿಡಿದರು. ಅಂದಿನಿಂದ ನಾನು ಏನು ಕಂಡೆ ಅಂದರೂ ಎಲ್ಲರೂ ಬಹಳ ವಿನಯದಿಂದ ‘ಹೌದಾ’ ಎನ್ನುತ್ತಿದ್ದರು. ಆ ವಿನಯ ಇದೆಯಲ್ಲ, ಅದು ನಗುವುದಕ್ಕಿಂತ ಕಷ್ಟದ್ದು.

ಹೀಗಿರುವಾಗ ನಮ್ಮ ಮನೆಗೆ ನವರಂಗ ಬಂತು. ನವರಂಗ ಎಂದರೆ ಚಳಿಗಾಲ ಕಳೆಯಲು ಉತ್ತರದಿಂದ ನಮ್ಮ ಕಡೆಗೆ ಬರುವ ಹಕ್ಕಿ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಕಣ್ಣಿಗೆ ಎಳೆದಂತೆ ಕಪ್ಪು ಪಟ್ಟಿ, ಹೊಟ್ಟೆಯ ಕೆಳಗೆ ಕುಂಕುಮದ ಕೆಂಪು. ಇಷ್ಟೆಲ್ಲ ಬಣ್ಣ ಕೊಟ್ಟು ಮುಗಿಸುವ ಹೊತ್ತಿಗೆ ಬಟ್ಟೆ ಸಾಲದೆ ಹೋದಂತೆ ಬಾಲ ಮಾತ್ರ ಗಿಡ್ಡ. ನಮ್ಮ ಹಿತ್ತಿಲಿನ ಮೂಲೆಯಲ್ಲಿ ಕೇಪಳ, ಕುಂಟುನೇರಳೆ ಎಲ್ಲ ತಮ್ಮಷ್ಟಕ್ಕೆ ಬೆಳೆದು ಸಣ್ಣ ಹಾಡಿಯ ಹಾಗೆ, ಕುರುಚಲು ಕಾಡಿನ ಹಾಗೆ ಆಗಿದೆ. ಅದರಡಿಯಲ್ಲಿ ವರ್ಷಗಳ ತರಗೆಲೆ. ಬೆಳಿಗ್ಗೆ ಮುಖ ತೊಳೆಯುವಾಗ ಅಲ್ಲಿಂದ ಎರಡೇ ಸ್ವರದ ಸಿಳ್ಳೆ ಕೇಳಿತು. ಮೆಲ್ಲಗೆ ಬಗ್ಗಿ ನೋಡಿದರೆ ತರಗೆಲೆಗಳನ್ನು ಕೊಕ್ಕಿನಿಂದ ಅತ್ತಿತ್ತ ಎಸೆಯುತ್ತ ಹುಳ ಹುಡುಕುತ್ತಿದೆ. ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟೆ. ಮರುದಿನ, ಅದರ ಮರುದಿನವೂ ಅದೇ ಹೊತ್ತಿಗೆ ಅದೇ ಮೂಲೆಗೆ ಬಂತು. ಪಟ ತೆಗೆಯಲು ಹೋದರೆ ಮಾತ್ರ ಪೊದೆಯೊಳಗೆ ಮಾಯ.

ಬಳಗಕ್ಕೆ ಹೇಳಿದೆ. ‘ಹೌದಾ’ ಎಂದರು. ನನಗೆ ರೇಗಿತು. ಮುಂದಿನ ಭಾನುವಾರದ ಕಾರ್ಯಕ್ರಮ ನಮ್ಮ ಮನೆಯಲ್ಲೇ ಆಗಲಿ, ನವರಂಗ ತೋರಿಸುವ ಜವಾಬ್ದಾರಿ ನನ್ನದು ಎಂದು ಎಲ್ಲರೆದುರು ಹೇಳಿಬಿಟ್ಟೆ. ಹಕ್ಕಿಯ ಪರವಾಗಿ ಮಾತು ಕೊಡುವಾಗ ಹಕ್ಕಿಯನ್ನು ಒಂದು ಮಾತು ಕೇಳಬೇಕಿತ್ತು ಎಂದು ಆಗ ಹೊಳೆಯಲಿಲ್ಲ. ಆದರೂ ಆ ವಾರ ಎಷ್ಟು ಖುಷಿಯಲ್ಲಿದ್ದೆ ಎಂದರೆ, ಒಬ್ಬರ ಚೂಡಿದಾರಕ್ಕೆ ಇನ್ನೊಬ್ಬರ ತೋಳು ಕೂರಿಸಿದೆ.

ಈಗ ನಮ್ಮವರ ವಿಷಯ. ನಮ್ಮವರು ಮುಂಬೈಯ ಆಫೀಸೊಂದರಲ್ಲಿ ಬಹಳ ಕಾಲ ಕ್ಯಾಂಟೀನ್ ನಡೆಸಿ ಊರಿಗೆ ಮರಳಿದವರು. ಕ್ಯಾಂಟೀನ್ ಬಿಟ್ಟರೂ ಅದರ ಕಾನೂನು ಬಿಟ್ಟಿಲ್ಲ. ಗಿರಾಕಿ ಬರುವ ಮೊದಲು ಟೇಬಲ್ ಒರೆಸಿರಬೇಕು, ಗಿರಾಕಿ ಏಳುವವರೆಗೆ ಪ್ಲೇಟ್ ಎತ್ತಬಾರದು. ಮನೆಯಲ್ಲಿ ನಾವಿಬ್ಬರೇ ಊಟಕ್ಕೆ ಕೂತರೂ ಈ ಎರಡು ಕಾನೂನು ಜಾರಿಯಲ್ಲಿರುತ್ತವೆ. ಹಕ್ಕಿಯಲ್ಲಿ ಅವರಿಗೆ ಆಸಕ್ತಿಯಿಲ್ಲ. ಆದರೆ ಭಾನುವಾರ ಇಷ್ಟು ಜನ ತಿಂಡಿಗೆ ಬರುತ್ತಾರೆ ಎಂದದ್ದೇ ತಡ, ಅವರ ಮುಖದಲ್ಲಿ ಮುಂಬೈಯ ಕಳೆ ಬಂತು. ಬನ್ಸ್ ಕರಿಯುವುದು, ಇಡ್ಲಿ ಮಾಡುವುದು, ಕುರ್ಚಿ ಎಲ್ಲಿಡುವುದು ಎಲ್ಲ ಅವರೇ ತೀರ್ಮಾನಿಸಿದರು. ನೀನು ನಿನ್ನ ಹಕ್ಕಿ ನೋಡಿಕೋ, ಉಳಿದದ್ದು ನನಗೆ ಬಿಡು ಎಂದರು. ನಾನು ನಿಜಕ್ಕೂ ಬಿಟ್ಟೆ.

ಶನಿವಾರ ನಾನು ವಂಡ್ಸೆಯ ಅಕ್ಕನ ಮನೆಗೆ ಹೋದೆ. ಅವಳ ಗುಡ್ಡೆಯಲ್ಲಿ ನೆಕ್ಕರೆ ಸಸಿ ಬೇಕಾದಷ್ಟಿದೆ, ಗಿಡದವರಿಗೆ ಹಂಚಲು ತರೋಣ ಎಂದು. ಬಸ್ಸಿನಲ್ಲಿ ಸಸಿಗಳನ್ನು ಮಡಿಲಲ್ಲಿಟ್ಟುಕೊಂಡು, ಹೆಮ್ಮಾಡಿ, ಕುಂದಾಪುರ ದಾಟಿ ಸಂಜೆಗೆ ಮನೆ ಮುಟ್ಟಿದೆ. ನಮ್ಮವರು ಗೇಟಿನಲ್ಲೇ ಕಾಯುತ್ತಿದ್ದರು. ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದರು. ಮದುವೆಯಾದ ಹೊಸತರಲ್ಲೂ ಅವರು ಹಾಗೆ ಕೈ ಹಿಡಿದ ನೆನಪಿಲ್ಲ.

ಮೂಲೆ ಇರಲಿಲ್ಲ. ಅಂದರೆ ಮೂಲೆ ಇತ್ತು, ಮೂಲೆಯಲ್ಲಿ ಏನೂ ಇರಲಿಲ್ಲ. ಹುಲ್ಲು ಕತ್ತರಿಸುವ ಮೆಷಿನ್‌ನವನನ್ನು ಕರೆಸಿ ಪೊದೆಯನ್ನೆಲ್ಲ ಬುಡದವರೆಗೆ ಬೋಳಿಸಿದ್ದರು. ತರಗೆಲೆ ಒಂದೂ ಬಿಡದೆ ಗುಡಿಸಿ, ಮೇಲಿಂದ ನೀರು ಚಿಮುಕಿಸಿ, ಸಾಲಾಗಿ ಕುರ್ಚಿ ಇಟ್ಟಿದ್ದರು.

“ಕಾಣ್, ಏಕ್ದಮ್ ಸಾಫ್” ಎಂದರು. “ಅಷ್ಟ್ ಜನ ಬಪ್ಪತಿಗೆ ಹಕ್ಕಿ ಪೊದೆ ಒಳ್ಗ್ ಅಡಗಿ ಕೂತ್ರೆ ಯಾರಿಗ್ ಕಾಣತ್ತ್? ಈಗ ಎಲ್ಲ್ ಕೂತ್ರೂ ಕಾಣತ್ತ್.”

ಅವರ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಮಾಡುವುದು ತಿಳಿಯದೆ ಅದೇ ಕುರ್ಚಿಯೊಂದರಲ್ಲಿ ಕುಸಿದೆ. ನಾಳೆ ಬೈಂದೂರಿನಿಂದ ವ್ಯಾನ್ ಮಾಡಿಕೊಂಡು ಜನ ಬರುತ್ತಾರೆ. ಬೋಳು ನೆಲ ನೋಡಿ ‘ಹೌದಾ’ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ದೂರದಿಂದ ಹಾರಿ ಬಂದು ನಮ್ಮ ಮೂಲೆಯನ್ನೇ ನೆಚ್ಚಿಕೊಂಡ ಆ ಹಕ್ಕಿ ಬೆಳಗಾಗೆದ್ದು ಎಲ್ಲಿಗೆ ಹೋಗಬೇಕು? ಅವರಿಗೆ ತಿಳಿಯುವ ಮಾತಿನಲ್ಲೇ ಹೇಳಿದೆ.

“ಅದ್ ತಿಂಬುದ್ ಆ ಒಣಗಿದ್ ಎಲಿ ಅಡಿಗಿಪ್ಪು ಹುಳ ಮಾರಾಯ್ರೆ. ಊಟಕ್ ಕೂತ್ ಗಿರಾಕಿ ಎದ್ರ್‌ಗಿಂದ ನೀವ್ ಪ್ಲೇಟ್ ಎತ್ತಿದ್ರಿ.”

ನಮ್ಮವರ ಮುಖ ಕಪ್ಪಿಟ್ಟಿತು. ಪೊದೆ ಕಡಿದದ್ದಕ್ಕೆ ಬೈದಿದ್ದರೆ ವಾದ ಮಾಡುತ್ತಿದ್ದರೋ ಏನೋ. ಆದರೆ ಪ್ಲೇಟ್ ಎತ್ತಿದ ಅಪವಾದವನ್ನು ಅವರ ಮೇಲೆ ಮುಂಬೈಯಲ್ಲೂ ಯಾರೂ ಹೊರಿಸಿರಲಿಲ್ಲ. ನೇರ ಹೋಗಿ ಹೆಡಿಗೆ ತಂದರು. ಗುಡಿಸಿದ ತರಗೆಲೆಯನ್ನೆಲ್ಲ ಹಿಂದೆ ದನ ಕಟ್ಟುತ್ತಿದ್ದ ಹಳೆಯ ಹಟ್ಟಿಯ ಹಿಂಬದಿಗೆ ಗುಡ್ಡೆ ಹಾಕಿದ್ದರು. ಅಲ್ಲಿಂದ ಹೆಡಿಗೆಯಲ್ಲಿ ತುಂಬಿ ತಂದು ಮೂಲೆಯಲ್ಲಿ ಹರಡುವುದು. ಕಡಿದು ಬಿಸಾಡಿದ್ದ ಕೇಪಳದ ಕೊಂಬೆಗಳನ್ನು ತಂದು ನೆಲಕ್ಕೆ ಸಿಕ್ಕಿಸುವುದು. ಕೆಲವು ವಾಲಿದವು. ಅವಕ್ಕೆ ಹಗ್ಗ ಕಟ್ಟಿ ನಿಲ್ಲಿಸಿದರು.

ಪಕ್ಕದ ಮನೆಯ ಗಿರಿಜಕ್ಕ ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತ ನಿಂತಿದ್ದರು. ಬೆಳಿಗ್ಗೆ ಇದೇ ಕಸ ಹೊರಗೆ ಹೋದದ್ದನ್ನೂ ನೋಡಿದ್ದರು. “ಎಂತ ಮಾರಾಯ್ತಿ, ಗುಡ್ಸಿದ್ ಕಸ ವಾಪಸ್ ಹಾಕ್ತ್ರಿ?” ಎಂದು ಕೇಳಿದರು. ಹಕ್ಕಿ ನೋಡಲು ನಾಳೆ ಜನ ಬರುತ್ತಾರೆ, ಹಕ್ಕಿಗೆ ಕಸ ಬೇಕು ಎಂದೆ. ಅವರು ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ ಒಳಗೆ ಹೋದರು. ಇನ್ನು ಊರಿಡೀ ಸುದ್ದಿಯಾಯಿತು ಎಂದುಕೊಳ್ಳುವಷ್ಟರಲ್ಲಿ ಗೋಣಿಚೀಲವೊಂದನ್ನು ಎಳೆದುಕೊಂಡು ಬಂದರು. “ನಮ್ಮನೇದೂ ಇತ್ತ್, ಬೇಕಾ?” ಎಂದರು. ನನಗೆ ಆಗ ನಿಜವಾಗಿಯೂ ಕಣ್ಣು ತುಂಬಿತು. ಕತ್ತಲಾಗುವ ಹೊತ್ತಿಗೆ ಮೂಲೆ ಅರ್ಧ ಮುಚ್ಚಿತು. ಹಟ್ಟಿಯ ಹಿಂದೆ ಇನ್ನೂ ಅರ್ಧ ಗುಡ್ಡೆ ಹಾಗೇ ಉಳಿಯಿತು.

ಬೆಳಿಗ್ಗೆ ಮಂಜು ಸರಿಯುವ ಮೊದಲೇ ವ್ಯಾನ್ ಬಂತು, ಬೈಕುಗಳು ಬಂದವು, ಬ್ರಹ್ಮಾವರದವರು ಬುಟ್ಟಿ ತುಂಬ ಸಸಿ ಹೊತ್ತು ತಂದರು. ಕೊರಳಲ್ಲಿ ದುರ್ಬೀನು, ತಲೆಗೆ ಟೊಪ್ಪಿ, ಕೆಲವರಿಗೆ ಮಫ್ಲರ್. ಅಷ್ಟು ಜನ ನಮ್ಮ ಹಿತ್ತಿಲಲ್ಲಿ ಉಸಿರು ಬಿಗಿಹಿಡಿದು ನಿಂತದ್ದನ್ನು ನೋಡಿ, ಆ ಸಂಕಟದಲ್ಲೂ ನನಗೆ ಮದುವೆಮನೆಯ ಸಂಭ್ರಮವೇ ಆಗಿತ್ತು. ಪಿಕಳಾರ ಬಂತು, ಮಡಿವಾಳ ಬಂತು, ಸೂರಕ್ಕಿ ಬಂದು ಬಾಡಿದ ಕೇಪಳದ ಹೂವಿಗೆ ಕೊಕ್ಕು ಹಾಕಿ, ಮೋಸವಾಯಿತೆಂಬಂತೆ ಬೈದು ಹೋಯಿತು. ನವರಂಗ ಬರಲಿಲ್ಲ. ಮಂಜು ಕರಗಿತು, ಬಿಸಿಲು ಬಂತು, ಆಗಲೂ ಬರಲಿಲ್ಲ. ಗಿಡದವರ ಪೈಕಿ ಒಬ್ಬರು ಕೇಪಳಕ್ಕೆ ಹಗ್ಗ ಕಟ್ಟಿ ಬೆಳೆಸುವ ಪದ್ಧತಿ ಎಲ್ಲಿಯದು ಎಂದು ಪಿಸುಗುಟ್ಟಿ ಕೇಳಿದರು. ಇನ್ನೊಬ್ಬರು ಬನ್ಸ್ ವಾಸನೆ ಬರುತ್ತಿರುವ ದಿಕ್ಕನ್ನು ಕಂಡುಹಿಡಿದರು. ಸುಮಿತ್ರಾ ಮೇಡಂ ನನ್ನ ಭುಜದ ಮೇಲೆ ಕೈಯಿಟ್ಟು, ಹಕ್ಕಿ ನಮ್ಮ ಹೇಳಿಕೆಗೆ ಬರುತ್ತದೆಯೇ, ಇನ್ನೊಮ್ಮೆ ನೋಡೋಣ ಎಂದರು. ಅವರ ಕನ್ನಡಕದ ಮೇಲಿನ ನೋಟವನ್ನು ತಡೆದುಕೊಂಡೇನು, ಈ ಸಮಾಧಾನವನ್ನು ಹೇಗೆ ತಡೆದುಕೊಳ್ಳಲಿ? ಹೊಂಬಾಳೆ ಸಿಪ್ಪೆಯ ಪಕ್ಕದಲ್ಲಿ ಇನ್ನು ನವರಂಗವೂ ಸೇರಿತು ಎಂದುಕೊಂಡೆ.

ಆಗ ಅಡುಗೆಮನೆಯ ಹಿಂಬಾಗಿಲಲ್ಲಿ ನಮ್ಮವರು ಕಾಣಿಸಿಕೊಂಡರು. ಒಂದು ಕೈಯಲ್ಲಿ ಎಣ್ಣೆ ತೊಟ್ಟಿಕ್ಕುವ ಜಾಲರಿ, ಇನ್ನೊಂದು ಕೈಯ ಬೆರಳು ತುಟಿಯ ಮೇಲೆ. ಕ್ಯಾಂಟೀನಿನಲ್ಲಿ ಮಾಣಿಗಳಿಗೆ ಮಾಡುತ್ತಿದ್ದ ಹಾಗೆ ಕಣ್ಣಲ್ಲೇ ಸನ್ನೆ ಮಾಡಿ ಹಟ್ಟಿಯ ಕಡೆ ತೋರಿಸಿದರು. ನಾವೆಲ್ಲ ಒಬ್ಬರ ಹಿಂದೊಬ್ಬರು ತುದಿಗಾಲಲ್ಲಿ ಬಚ್ಚಲುಮನೆ ಸುತ್ತಿ ಹೋಗಿ ಗೋಡೆಯ ಮರೆಯಿಂದ ಇಣುಕಿದೆವು. ಉಳಿದ ತರಗೆಲೆಯ ಗುಡ್ಡೆಯ ಮೇಲೆ ನವರಂಗ ನಿಂತಿತ್ತು. ಎಳೆ ಬಿಸಿಲು ನೇರ ಅದರ ಮೇಲೆಯೇ ಬಿದ್ದಿತ್ತು. ಎಲೆಯೊಂದನ್ನು ಎತ್ತಿ ಬಲಕ್ಕೆ ಎಸೆಯಿತು, ಇನ್ನೊಂದನ್ನು ಎಡಕ್ಕೆ. ಉದ್ದದ ಹುಳವೊಂದನ್ನು ಎಳೆದು ನುಂಗಿತು. ಆಮೇಲೆ ಕತ್ತು ಮೇಲೆತ್ತಿ ಆ ಎರಡು ಸ್ವರದ ಸಿಳ್ಳೆ ಹಾಕಿತು. ಗಿಡದವರೂ ಉಸಿರೆತ್ತಲಿಲ್ಲ. ಸುಮಿತ್ರಾ ಮೇಡಂ ದುರ್ಬೀನು ಎತ್ತುವುದನ್ನೇ ಮರೆತು ಬರಿಗಣ್ಣಿನಲ್ಲಿ ನೋಡುತ್ತ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಹಿಡಿತಕ್ಕೆ ನನ್ನ ಬಳೆಯೊಂದು ಒಡೆಯಿತು. ಒಡೆಯಲಿ ಬಿಡಿ ಎನ್ನಿಸಿತು.

ಆಮೇಲಿನದು ಹಬ್ಬ. ಬನ್ಸ್ ತಿನ್ನುತ್ತ ಎಲ್ಲರೂ ಒಟ್ಟಿಗೇ ಮಾತಾಡಿದರು. ನೆಕ್ಕರೆ ಸಸಿಗಳು ಕೈಯಿಂದ ಕೈಗೆ ಹೋದವು. ಆದರೆ ನಾನು ಎಣಿಸಿದ ಹಾಗೆ ಯಾರೂ ನನ್ನ ಸುತ್ತ ಸೇರಲಿಲ್ಲ, ನಮ್ಮವರ ಸುತ್ತ ಸೇರಿದರು. ಅವರು ಜಾಲರಿ ಹಿಡಿದುಕೊಂಡೇ ವಿವರಿಸುತ್ತಿದ್ದರು. ತರಗೆಲೆ ಗುಡಿಸಲೇಬಾರದು, ಜನರಿಗೆ ಬುದ್ಧಿಯಿಲ್ಲ, ಸಿಕ್ಕಿದ್ದೆಲ್ಲ ಗುಡಿಸುತ್ತಾರೆ, ನಾವು ಹಟ್ಟಿಯ ಹಿಂದೆ ಅದಕ್ಕಾಗಿಯೇ ಒಂದು ಗುಡ್ಡೆ ಇಟ್ಟಿದ್ದೇವೆ ಎಂದರು. ಗಿರಿಜಕ್ಕ ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡು, ಸೆರಗು ಬಾಯಿಗೆ ಒತ್ತಿ ಒಳಗೆ ಹೋದರು. ಮುಂದಿನ ತಿಂಗಳು ಬೈಂದೂರಿನ ಕಾರ್ಯಕ್ರಮದಲ್ಲಿ ಇದೇ ವಿಷಯದ ಮೇಲೆ ನಾಲ್ಕು ಮಾತಾಡಬೇಕೆಂದು ಸುಮಿತ್ರಾ ಮೇಡಂ ನಮ್ಮವರನ್ನು ಕೇಳಿಕೊಂಡರು. ಅವರು ಒಪ್ಪಿ, ಹೋಗಿ ಮಾತಾಡಿಯೂ ಬಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಸ್ವಲ್ಪ ಮೆಲ್ಲಗೆ.

ಕೇಪಳದ ಬುಡದಲ್ಲಿ ಈಗ ಕೆಂಪು ಚಿಗುರು ಬಂದಿದೆ. ನವರಂಗ ಇನ್ನೂ ಹೋಗಿಲ್ಲ, ಬೆಳಿಗ್ಗೆ ಮೂಲೆ, ಹಟ್ಟಿಯ ಹಿಂದೆ, ಎರಡೂ ಕಡೆ ಬಂದು ಹೋಗುತ್ತದೆ. ಹುಲ್ಲು ಕತ್ತರಿಸುವ ಮೆಷಿನ್ ಸದ್ದು ಎಲ್ಲಾದರೂ ಕೇಳಿದರೆ ನಾನು ಅಂಗಡಿ ಬಿಟ್ಟು ಓಡಿಬಂದು ನೋಡುತ್ತೇನೆ. ಗಂಡಸರಿಗೆ ಹೇಳಿದ್ದು ಎಷ್ಟು ದಿನ ನೆನಪಿರುತ್ತದೆ ಎಂದು ಗಿರಾಕಿಗಳೆದುರು ಆಗಾಗ ಹೇಳುವುದೂ ಉಂಟು.

ಮೊನ್ನೆ ಬೆಳಿಗ್ಗೆ ಸುಮಿತ್ರಾ ಮೇಡಂ ಫೋನ್ ಮಾಡಿದರು. ಕುಂದಾಪುರಕ್ಕೆ ಬಂದಿದ್ದೇನೆ, ಒಂದರ್ಧ ಗಂಟೆಯಲ್ಲಿ ನಿಮ್ಮಲ್ಲಿಗೆ ಬಂದು ಆ ಹಕ್ಕಿಯನ್ನು ಇನ್ನೊಮ್ಮೆ ನೋಡಿ ಹೋಗುತ್ತೇನೆ ಎಂದರು. ಬನ್ನಿ ಬನ್ನಿ ಎಂದು ಸಂಭ್ರಮದಿಂದ ಫೋನ್ ಇಟ್ಟೆ. ಆಮೇಲೆ ಏನಾಯಿತೋ ನನಗೆ ಸರಿಯಾಗಿ ತಿಳಿಯದು. ಹಿಂದಿನಿಂದ ಯಾರೋ ಕೆಮ್ಮಿದ ಹಾಗಾಗಿ ತಿರುಗಿ ನೋಡಿದರೆ, ನಮ್ಮವರು ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ನಾನು ಕೇಪಳದ ಬುಡದಲ್ಲಿ ಸೊಂಟ ಬಗ್ಗಿಸಿ ನಿಂತಿದ್ದೆ. ಕೈಯಲ್ಲಿ ಹಿಡಿಸೂಡಿ ಇತ್ತು, ಮೂಲೆ ಮುಕ್ಕಾಲು ಪಾಲು ಸಾಫ್ ಆಗಿತ್ತು.

ಅವರು ನಗಲಿಲ್ಲ. ಒಂದು ಗುಟುಕು ಚಹಾ ಕುಡಿದು, ಮಾಣಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದರು.

“ಪ್ರೇಮ, ಗಿರಾಕಿ ಏಳು ತನ್ಕ ಪ್ಲೇಟ್ ಎತ್ತುಕಾಗ.”

ನಾನು ಹಿಡಿಸೂಡಿಯನ್ನು ಬೇಲಿಗೆ ಒರಗಿಸಿ, ಹೆಡಿಗೆ ತರಲು ಹಟ್ಟಿಯ ಕಡೆ ಹೋದೆ.