ಅಣ್ಣ ತಮ್ಮಂದಿರ ನಡುವಿನ ನೆಟ್ ದಾರಿ

ಅಂಗಡಿ ಅಂಗಡಿಗೆ ನೆಟ್ ಜೋಡಿಸುವ ಕೆಲಸ ಹಿಡಿದ ಮೇಲೆ ನನಗೆ ನಗುವಿಗೆ ಬರವೇ ಇಲ್ಲ. ಕೂಡ್ಲಿಗಿಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಕೆಲಸವನ್ನು ಯಾರೂ ಕಲಿಸಲಿಲ್ಲ, ಪುಸ್ತಕ ಓದಿ ಕಲಿತೆ. ಹಾಗಾಗಿ ‘ನನಗೆ ಬರೋದಿಲ್ಲ’ ಎನ್ನುವ ಮಾತೊಂದನ್ನು ಕಲಿಯಲೇ ಇಲ್ಲ.

ಒಮ್ಮೆ ಶೇಂಗಾ ವ್ಯಾಪಾರದ ಮನೆತನವೊಂದರ ಕೆಲಸ ಬಂತು. ಕೊಟ್ಟೂರಿನಲ್ಲಿ ಅಣ್ಣನ ಅಂಗಡಿ, ಹರಪನಹಳ್ಳಿಯಲ್ಲಿ ತಮ್ಮನದು, ಹಗರಿಬೊಮ್ಮನಹಳ್ಳಿಯಲ್ಲಿ ತಂಗಿಯದು. ಮೂರನ್ನೂ ಜೋಡಿಸಬೇಕು. ಶೇಂಗಾದ ಟೆಂಡರ್ ಹಾಕುವ ದಿನ ಎಲ್ಲ ಸರಿಯಾಗಿ ನಡೆದರೆ ಮುಂದಿನ ಕೆಲಸವೆಲ್ಲ ನನಗೆ, ಇಲ್ಲದಿದ್ದರೆ ದಾವಣಗೆರೆಯ ಕಂಪ್ಯೂಟರಿನವರಿಗೆ ಎಂದು ಅಣ್ಣ ಮೊದಲೇ ಹೇಳಿದರು. ಒಪ್ಪಿದೆ. ಅವರ ಮನೆಯ ವಿಷಯ ಆಗ ನನಗೆ ಗೊತ್ತಿರಲಿಲ್ಲ.

೧. ದಕ್ಷಿಣದ ವೈರು

ಗೇಟ್‌ವೇ ಅಂದರೆ ಅಂಗಡಿಯ ನೆಟ್‌ಗೆ ಬಾಗಿಲಿದ್ದಂತೆ ಒಂದು ಪೆಟ್ಟಿಗೆ. ಒಂದು ತೂತಿಗೆ ಹೊರಗಿನ ವೈರು, ಇನ್ನೊಂದಕ್ಕೆ ಒಳಗಿನ ಕಂಪ್ಯೂಟರುಗಳ ವೈರು. ಕೊಟ್ಟೂರಿನಲ್ಲಿ ಎರಡಕ್ಕೂ ಅಂಕಿ, ಚುಕ್ಕಿಗಳ ನೆಟ್ ವಿಳಾಸ ಕೊಟ್ಟು ಕೂಡ್ಲಿಗಿಗೆ ಬಂದು ಇಳಿಯುವಷ್ಟರಲ್ಲಿ ನೆಟ್ ಇಲ್ಲವೆಂದು ಫೋನು. ತಿರುಗಿ ಹೋಗಿ ನೋಡಿದರೆ ಎರಡೂ ವೈರು ಅದಲುಬದಲಾಗಿವೆ. ಹೊರಗಿನ ಲೈನು ದಕ್ಷಿಣದ ತೂತಿನಿಂದ ಒಳಗೆ ಬರಬಾರದೆಂದು ವಾಸ್ತು ನೋಡುವವರು ಹೇಳಿದ್ದರಂತೆ.

ವೈರು ಮೊದಲಿನಂತೆ ಹಾಕುತ್ತೇನೆ ಎಂದರೆ, ಹಾಗಿದ್ದರೆ ತಾವು ಗಾದಿಯ ಮೇಲೆ ಕೂರುವುದಿಲ್ಲ ಎಂದರು ಅಣ್ಣ. ಹಟಕ್ಕೆ ನಾನೇನು ಕಡಿಮೆ? ವೈರು ಮುಟ್ಟಲಿಲ್ಲ. ಪೆಟ್ಟಿಗೆಯ ಸೆಟ್ಟಿಂಗಿನಲ್ಲೇ ಹೊರಗಿನದನ್ನು ಒಳಗೆ, ಒಳಗಿನದನ್ನು ಹೊರಗೆ ಮಾಡಿದೆ. ನೆಟ್ ಬಂತು. ಅಣ್ಣ ಸಂತೋಷದಿಂದ ಫೋನು ತೆಗೆದು, ನನ್ನೆದುರಿಗೇ ವಾಸ್ತು ನೋಡಿದವರಿಗೆ ಧನ್ಯವಾದ ಹೇಳಿದರು.

೨. ಸುತ್ತು ದಾರಿ

ಮುಂದೆ ದಾರಿ ಹಾಕುವ ಕೆಲಸ. ಯಾವ ಊರಿನ ಮಾಹಿತಿ ಯಾವ ಪೆಟ್ಟಿಗೆಯ ಮೂಲಕ ಹೋಗಬೇಕೆಂದು ಬರೆಯುವುದಕ್ಕೆ ರೂಟಿಂಗ್ ಎನ್ನುತ್ತಾರೆ. ಕೊಟ್ಟೂರಿಂದ ಹರಪನಹಳ್ಳಿಗೆ ನೇರ ದಾರಿ ಬರೆಯಹೊರಟರೆ ಅಣ್ಣ ತಡೆದರು. ಅಣ್ಣ ತಮ್ಮಂದಿರಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು. ಏನಿದ್ದರೂ ಇವರು ತಂಗಿಗೆ ಹೇಳಬೇಕು, ತಂಗಿ ಅವರಿಗೆ ಹೇಳಬೇಕು.

“ನಮ್ಮ ಮಾತು ಹೆಂಗ ಹೋಗ್ತೈತೋ ಲೈನೂ ಹಂಗ ಹೋಗ್ಲಿ” ಎಂದರು.

ಹತ್ತಿರದ ದಾರಿ ಹುಡುಕುವುದನ್ನು ನನ್ನ ಪುಸ್ತಕ ಹೇಳಿತ್ತು, ಮಾತು ಬಿಟ್ಟವರ ದಾರಿಯನ್ನು ಹೇಳಿರಲಿಲ್ಲ. ತಂಗಿಯ ಪೆಟ್ಟಿಗೆಯ ಮೂಲಕ ಸುತ್ತಿಕೊಂಡೇ ಹೋಗುವಂತೆ ಬರೆದೆ. ಹರಪನಹಳ್ಳಿಗೆ ಹೋಗಿ ಪರೀಕ್ಷೆ ಮಾಡುತ್ತ, ಕೊಟ್ಟೂರಿನ ಪೆಟ್ಟಿಗೆ ಉತ್ತರ ಕೊಡುತ್ತಿದೆ ನೋಡಿ ಎಂದು ತಮ್ಮನಿಗೆ ತೋರಿಸಿದೆ. ಅವರು ತೆರೆಯನ್ನೇ ದಿಟ್ಟಿಸಿ, “ಪೆಟ್ಟಿಗೆಗಾದ್ರೂ ಮರ್ಯಾದೆ ಐತಲ್ಲ ಬಿಡ್ರಿ” ಎಂದರು.

೩. ಟೆಂಡರ್ ದಿನ

ಟೆಂಡರ್ ದಿನ ನಾನು ಕೊಟ್ಟೂರಿನಲ್ಲೇ ಕೂತಿದ್ದೆ. ಹರಪನಹಳ್ಳಿಯ ಶೇಂಗಾದ ಲೆಕ್ಕ ಇಲ್ಲಿಗೆ ಬಂದು ಸೇರಬೇಕು. ಅಷ್ಟರಲ್ಲಿ ತಂಗಿಯ ಪೆಟ್ಟಿಗೆ ಸತ್ತುಹೋಯಿತು. ಫೋನು ಮಾಡಿದರೆ, ಬೆಳಗಿನ ಅಂಗಡಿ ಪೂಜೆಯಲ್ಲಿ ಪೆಟ್ಟಿಗೆಗೆ ವಿಭೂತಿ ಹಚ್ಚಿದ್ದರಂತೆ, ಒದ್ದೆ ವಿಭೂತಿ ಕರೆಂಟಿನ ತೂತಿಗೆ ಇಳಿದಿದೆಯಂತೆ. ಅಣ್ಣ ದಾವಣಗೆರೆಯವರ ನಂಬರು ಹುಡುಕತೊಡಗಿದರು.

ನೇರ ದಾರಿಯೊಂದೇ ಉಳಿದಿತ್ತು. ಕೊಟ್ಟೂರಿನ ಕಡೆ ನಾನೇ ಬರೆದೆ. ಹರಪನಹಳ್ಳಿಯ ಕಡೆ ಅಲ್ಲಿದ್ದವರೇ ಬರೆಯಬೇಕು. ತಮ್ಮನಿಗೆ ಫೋನು ಮಾಡಿ ಹೇಳಿದರೆ, ಅಣ್ಣನ ಅಂಗಡಿಗೆ ದಾರಿ ಹಾಕಬೇಕಾದರೆ ಅಣ್ಣನೇ ಬಾಯಿಬಿಟ್ಟು ಹೇಳಲಿ ಎಂದರು. ನಾನು ಸ್ಪೀಕರ್ ಹಾಕಿ ಫೋನನ್ನು ಅಣ್ಣನ ಬಾಯಿಯ ಮುಂದೆ ಹಿಡಿದೆ, ಕೈ ತೆಗೆಯಲೇ ಇಲ್ಲ.

ಕೊನೆಗೆ ಅಣ್ಣ, “ತಮ್ಮಾ, ಊಟ ಆತೇನು?” ಎಂದರು.

ಆ ಕಡೆಯಿಂದ, “ಇಷ್ಟು ಬೆಳಿಗ್ಗೆ ಯಾರು ಉಂಡಿರ್ತಾರಣ್ಣಾ?”

ಆಮೇಲೆ ನಾನು ಒಂದೊಂದೇ ಅಂಕಿ ಹೇಳಿದೆ, ಅಣ್ಣ ಅದನ್ನೇ ಕೂಗಿ ಹೇಳಿದರು, ತಮ್ಮ ಬರೆದುಕೊಂಡು ತಿರುಗಿ ಓದಿದರು. “ಚುಕ್ಕಿ ಬಿಟ್ಟಿ ನೋಡಲೇ, ಸಾಲ್ಯಾಗೂ ಹಿಂಗ ಮಾಡ್ತಿದ್ದಿ” ಎಂದು ನಡುವೆ ಬೈದೂ ಬೈದರು. ದಾರಿ ತೆರೆಯಿತು. ಲೆಕ್ಕ ಬಂತು, ಟೆಂಡರಿಗೂ ಹೋಯಿತು. ಮುಂದಿನ ಕೆಲಸವೂ ನಿಮಗೇ ಎಂದು ಅಣ್ಣ ಕೈಸನ್ನೆ ಮಾಡಿದರು, ಬಾಯಿ ಇನ್ನೂ ಫೋನಿನಲ್ಲೇ ಇತ್ತು.

ಸಂಜೆ ನಾನು ತಂಗಿಗೆ ಫೋನು ಮಾಡಿ, ನಾಳೆಯೇ ಬಂದು ಪೆಟ್ಟಿಗೆ ಸರಿಮಾಡಿಕೊಡುತ್ತೇನೆ ಎಂದೆ.

“ಅವಸರ ಏನಿಲ್ಲ ಬಿಡ್ರಿ ಅಕ್ಕಾರ” ಎಂದರು ಆಕೆ. “ಇಬ್ಬರ ಮಾತೂ ಹೊತ್ತು ಹೊತ್ತು ಸಾಕಾಗಿತ್ತು. ನೀವು ಅಣ್ಣನ ಹತ್ರಾನ ಕುಂತಿರ್ತೀರಿ ಅಂತ ಗೊತ್ತಿತ್ತು, ಅದಕ್ಕ ನಾನ ಆ ತೂತಿಗೆ ವಿಭೂತಿ ತುಸು ಒತ್ತೇ ತುಂಬಿದೆ.”